ಛತ್ರ ಖಾಲಿಯಾದ ಮೇಲೂ ಉಳಿದವರು: ರಿಮೋಟ್ ಲಿನಕ್ಸ್ ಡೆಸ್ಕ್‌ಟಾಪಿನ ತಬ್ಬಲಿ ಪ್ರೊಸೆಸ್‌ಗಳು

(ಒಂದು ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿ, ಕನ್ನಡದಲ್ಲೇ ಲಿನಕ್ಸ್ ಬಗ್ಗೆ ಮಾತಾಡೋಣ ಅಂತ ಸೇರಿದ್ದವರ ಮುಂದೆ ಹೇಳಿದ್ದು ಇದು. ನನ್ನ ತೊದಲು, ಪ್ರೊಜೆಕ್ಟರ್ ಕೈಕೊಟ್ಟ ಹತ್ತು ನಿಮಿಷ, ಇವೆರಡನ್ನು ಬಿಟ್ಟು ಉಳಿದದ್ದನ್ನು ಬರೆದಿದ್ದೇನೆ.)

ನಮಸ್ಕಾರ. ನಾನು ಔಟರ್ ರಿಂಗ್ ರೋಡ್ ಕಡೆ ಚಿಪ್ ಡಿಸೈನ್ ಮಾಡುವ ಒಂದು ಆಫೀಸಿನಲ್ಲಿ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವನು. ನಮ್ಮ ಎಂಜಿನಿಯರ್‌ಗಳ ಲ್ಯಾಪ್‌ಟಾಪಿನಲ್ಲಿ ಹೆಚ್ಚೇನೂ ಇರುವುದಿಲ್ಲ, ಒಂದು ವಿಂಡೋ ಅಷ್ಟೆ. ಆ ವಿಂಡೋದೊಳಗೆ ಕಾಣುವ ಡೆಸ್ಕ್‌ಟಾಪ್ ಓಡುತ್ತಿರುವುದು ಸರ್ವರಿನ ಮೇಲೆ. ವಿಎನ್‌ಸಿ, ಎಕ್ಸ್‌ಆರ್‌ಡಿಪಿ, ಎಕ್ಸ್‌ಟುಗೋ ಹೀಗೆ ಹೆಸರು ಬೇರೆ ಬೇರೆ ಇರಬಹುದು, ಏರ್ಪಾಡು ಒಂದೇ.

ಒಂದು ಸೋಮವಾರ ಒಂಬತ್ತೂವರೆಗೆ ಟೀಮ್ ಲೀಡ್ ಒಬ್ಬರ ಫೋನ್ ಬಂತು. "ಸಿಮ್ಯುಲೇಟರ್ ಲೈಸೆನ್ಸ್ ಸಿಗ್ತಿಲ್ಲ ಸರ್, ನಮ್ಮ ಹುಡುಗ್ರು ಎಲ್ಲಾ ಕ್ಯೂನಲ್ಲಿ ನಿಂತಿದಾರೆ. ಯಾರು ಹಿಡ್ಕೊಂಡಿದಾರೆ ಸ್ವಲ್ಪ ನೋಡಿ." ಲೈಸೆನ್ಸ್ ಸರ್ವರಿನ ಪಟ್ಟಿ ತೆಗೆದೆ. ನಾಲ್ಕು ಲೈಸೆನ್ಸ್ ಒಬ್ಬರದೇ ಹೆಸರಿನಲ್ಲಿ ಇತ್ತು. ಅವರು ಹೆರಿಗೆ ರಜೆಗೆ ಹೋಗಿ ಆರು ವಾರ ಆಗಿತ್ತು. ಹೋಗುವ ದಿನ ಸರಿಯಾಗಿ ಲಾಗ್ ಔಟ್ ಮಾಡಿಯೇ ಹೋಗಿದ್ದರು, ಲಾಗ್‌ನಲ್ಲಿ ಅದೂ ಇತ್ತು. ಅವರ ಡೆಸ್ಕ್‌ಟಾಪ್ ಇರಲಿಲ್ಲ, ವಿಂಡೋಗಳನ್ನು ಪರದೆಗೆ ತರುವ ಎಕ್ಸ್ ಸರ್ವರ್ ಇರಲಿಲ್ಲ. ಪ್ರೊಸೆಸ್‌ಗಳ, ಅಂದರೆ ಓಡುತ್ತಿರುವ ಪ್ರೋಗ್ರಾಂಗಳ, ಪಟ್ಟಿ ಕೊಡುವ ಪಿಎಸ್ ಕಮಾಂಡ್ ಓಡಿಸಿದರೆ ಸಿಮ್ಯುಲೇಟರ್ ಮಾತ್ರ ಹಾಯಾಗಿ ಕೂತಿತ್ತು. ಓಡುತ್ತಿರುವ ಅವಧಿ 43 ದಿನ. ಟರ್ಮಿನಲ್ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ತಂದೆ ಪ್ರೊಸೆಸ್ಸಿನ ನಂಬರ್ 1. ಅದರ ಸುತ್ತ ತೆರೆಮರೆಯಲ್ಲಿ ಓಡುವ ಡೀಮನ್‌ಗಳು: ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಮೂರು, ಲಾಗಿನ್ ಕೀಗಳನ್ನು ಇಟ್ಟುಕೊಳ್ಳುವ ಎಸ್ಎಸ್ಎಚ್ ಏಜೆಂಟ್ ಒಂದು, ಫೈಲ್‌ಗಳಿಗೆ ಜಿವಿಎಫ್ಎಸ್, ಸದ್ದಿಗೆ ಪಲ್ಸ್ ಆಡಿಯೋ. ಇಡೀ ಆರು ವಾರ ಯಾರೂ ಕೇಳದ ಸದ್ದಿಗಾಗಿ ಪಲ್ಸ್ ಆಡಿಯೋ ಕಾದು ಕೂತಿತ್ತು, ಪಾಪ.

ಪ್ರೊಸೆಸ್ ಬದುಕಿದ್ದು, ಲೈಸೆನ್ಸ್ ಸರ್ವರ್ ಜೊತೆ ಕನೆಕ್ಷನ್ ಹಿಡಿದಿರುವವರೆಗೆ ಆ ಲೈಸೆನ್ಸ್ ಇನ್ನೊಬ್ಬರಿಗೆ ಸಿಗುವುದಿಲ್ಲ. ಅಂಥ ಒಂದೊಂದು ಲೈಸೆನ್ಸಿನ ಬೆಲೆ ಹೇಳಿದರೆ ಈಗ ತಿಂದು ಬಂದ ಇಡ್ಲಿ ನಿಮಗೆ ಅರಗುವುದಿಲ್ಲ. ಮೆಮೊರಿ ತಿನ್ನುತ್ತದೆ ಅನ್ನುವುದು ಚಿಕ್ಕ ದೂರು, ನನಗೆ ನೋವಾಗಿದ್ದು ಇದು.

ಮದುವೆ ಛತ್ರ ನೆನಪಿಸಿಕೊಳ್ಳಿ. ಬೀಗರ ಔತಣ ಮುಗಿಯಿತು, ಹೆಣ್ಣಿನ ಕಡೆಯವರು ಕಣ್ಣೊರೆಸಿಕೊಂಡು ಹೊರಟರು, ಗಂಡಿನ ಕಡೆಯವರ ಬಸ್ಸೂ ಹೋಯಿತು. ಮಂಟಪ ಖಾಲಿ. ಆದರೆ ಹಿಂದೆ ಅಡುಗೆಮನೆಗೆ ಹೋಗಿ ನೋಡಿದರೆ ಪಾತ್ರೆ ತಿಕ್ಕುವವರು ಇದ್ದಾರೆ, ಶಾಮಿಯಾನದ ಹುಡುಗರು ಮಲಗಿದ್ದಾರೆ, ಮಹಡಿಯ ರೂಮಿನಲ್ಲಿ ಯಾರೋ ದೂರದ ನೆಂಟರು ನಾಳೆ ಬೆಳಿಗ್ಗೆ ಹೋಗ್ತೀವಿ ಅಂತಾರೆ. ಮ್ಯಾನೇಜರ್ ಕೇಳಿದರೆ ಅಡುಗೆಯವರು ಒಬ್ಬರ ಹೆಸರು ಹೇಳುತ್ತಾರೆ, ಆ ಒಬ್ಬರು ಆಗಲೇ ಊರು ಬಿಟ್ಟಾಗಿದೆ. ಅಲ್ಲಿಗೆ ಯಾರನ್ನು ಯಾರು ಕರೆಸಿದ್ದು ಅನ್ನುವ ಎಳೆಯೇ ಹರಿದುಹೋಯಿತು.

ಲಿನಕ್ಸಿನಲ್ಲಿ ಆಗುವುದೂ ಹೀಗೇ. ಪ್ರತಿ ಪ್ರೊಸೆಸ್ಸಿಗೂ ಅದನ್ನು ಹುಟ್ಟಿಸಿದ ಒಂದು ತಂದೆ ಪ್ರೊಸೆಸ್ ಇರುತ್ತದೆ. ತಂದೆ ಸತ್ತರೆ ಮಗುವನ್ನು, ಯಂತ್ರ ಶುರುವಾದಾಗ ಮೊದಲು ಹುಟ್ಟುವ ಒಂದನೇ ನಂಬರಿನ ಪ್ರೊಸೆಸ್ಸಿಗೆ, ಇಲ್ಲವೇ ದಾರಿಯಲ್ಲಿ 'ನಾನು ಸಾಕ್ತೀನಿ' ಅಂತ ಮೊದಲೇ ಬರೆಸಿಕೊಂಡಿರುವ ಹಿರಿಯ ಪ್ರೊಸೆಸ್ಸಿಗೆ, ಲಿನಕ್ಸಿನ ತಿರುಳಾದ ಕರ್ನಲ್ ಒಪ್ಪಿಸುತ್ತದೆ. ಅದಾದಮೇಲೆ ಹಳೆಯ ವಂಶಾವಳಿ ಎಲ್ಲೂ ಸಿಗುವುದಿಲ್ಲ. ಇವನ್ನು ಝಾಂಬಿ ಅಂತ ಕರೆಯುವವರಿದ್ದಾರೆ, ಅದು ತಪ್ಪು. ಝಾಂಬಿ ಸತ್ತಾಗಿದೆ, ತಂದೆ ಬಂದು ಲೆಕ್ಕ ತೀರಿಸಿಲ್ಲ ಅಷ್ಟೆ, ಪ್ರೊಸೆಸ್ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟರೆ ಅದು ಏನನ್ನೂ ತಿನ್ನುವುದಿಲ್ಲ. ನಮ್ಮವು ತಬ್ಬಲಿಗಳು, ಜೀವಂತ ಇವೆ, ಊಟವನ್ನೂ ಮಾಡುತ್ತಿವೆ.

ಲಾಗ್ ಔಟ್ ಆದಮೇಲೆ ಇವು ಯಾಕೆ ತಾವಾಗೇ ಹೋಗುವುದಿಲ್ಲ? ಹಳೆಯ ಕಾಲದಲ್ಲಿ ಟರ್ಮಿನಲ್ ಅಂದರೆ ಫೋನ್ ಲೈನಿನ ತುದಿಯ ಯಂತ್ರ. ಲೈನ್ ಕಟ್ಟಾದರೆ ಕರ್ನಲ್ ಆ ಟರ್ಮಿನಲ್ಲಿಗೆ ಸೇರಿದವರಿಗೆ 1ನೇ ನಂಬರಿನ ಸಿಗ್ನಲ್ ಕಳಿಸುತ್ತಿತ್ತು. ಅದೇ ಸಿಗ್‌ಹಪ್, 'ಫೋನ್ ಇಟ್ಟರು, ಏಳಿ' ಅಂತ. ಗ್ರಾಫಿಕಲ್ ಡೆಸ್ಕ್‌ಟಾಪಿಗೆ ಅಂಥ ಟರ್ಮಿನಲ್ಲೇ ಇಲ್ಲ. ಅಲ್ಲಿ ಬೇರೆಯದೇ ವ್ಯವಸ್ಥೆ. ಎಕ್ಸ್ ಸರ್ವರ್ ನಿಂತರೆ, ಅದರ ಜೊತೆ ಕನೆಕ್ಷನ್ ಇಟ್ಟುಕೊಂಡಿದ್ದ ಪ್ರೋಗ್ರಾಂಗಳಿಗೆ ಸಾಕೆಟ್ ಹರಿದದ್ದು ಗೊತ್ತಾಗಿ ಹೊರಟುಹೋಗುತ್ತವೆ. ಅಂದರೆ ವಿಂಡೋ ಇದ್ದವು ಸಾಯುತ್ತವೆ. ವಿಂಡೋ ಇಲ್ಲದವಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಎಸ್ಎಸ್ಎಚ್ ಏಜೆಂಟಿಗೆ ಪರದೆ ಯಾಕೆ ಬೇಕು? ನಮ್ಮ ಸಿಮ್ಯುಲೇಟರಿನ ಮುಂಭಾಗದ ವಿಂಡೋ ಸತ್ತಿತ್ತು, ಹಿಂದೆ ಲೆಕ್ಕ ಮಾಡುತ್ತಿದ್ದ ಭಾಗಕ್ಕೆ ಯಾರೂ ಹೇಳಿರಲಿಲ್ಲ.

ಇಲ್ಲಿ ಇನ್ನೊಂದು ಗೋಜಲಿದೆ, 'ಸೆಷನ್' ಅನ್ನುವ ಪದದ್ದು. ವಿಜಯನಗರಕ್ಕೆ ಹೋಗಬೇಕು ಅಂತ ಯಾರಾದರೂ ಅಂದರೆ ಮೆಟ್ರೋ ಹತ್ತಬೇಕೋ, ಹೊಸಪೇಟೆಯ ರೈಲು ಹಿಡಿಯಬೇಕೋ, ಕೃಷ್ಣದೇವರಾಯನ ಕಾಲಕ್ಕೆ ಹೋಗಬೇಕೋ? ಹಾಗೇ ಕರ್ನಲ್ಲಿನ ಸೆಷನ್ ಒಂದು, ಸರ್ವಿಸ್‌ಗಳನ್ನೆಲ್ಲ ನಡೆಸುವ ಸಿಸ್ಟಮ್‌ಡಿಯಲ್ಲಿ ಲಾಗಿನ್‌ಗಳನ್ನು ನೋಡಿಕೊಳ್ಳುವ ಲಾಗಿನ್‌ಡಿ ಲೆಕ್ಕ ಇಡುವ ಸೆಷನ್ ಇನ್ನೊಂದು, ಎಕ್ಸ್‌ಆರ್‌ಡಿಪಿ ತನ್ನ ಪಟ್ಟಿಯಲ್ಲಿ ಇಟ್ಟುಕೊಳ್ಳುವ ಸೆಷನ್ ಮೂರನೆಯದು. 'ಸೆಷನ್ ಮುಗೀತು' ಅಂತ ಯಾರಾದರೂ ಹೇಳಿದರೆ ನಾನೀಗ 'ಯಾವ್ದು?' ಅಂತಲೇ ಕೇಳುವುದು. ನಿಜ ಹೇಳಬೇಕೆಂದರೆ ಅರ್ಧ ದೂರುಗಳು ಅಲ್ಲೇ ಬಗೆಹರಿಯುತ್ತವೆ.

ಯಾಕೆಂದರೆ ಬಹಳ ಸಲ ಸೆಷನ್ ಮುಗಿದೇ ಇರುವುದಿಲ್ಲ. ವಿಂಡೋದ ಮೂಲೆಯ ಇಂಟು ಗುರುತು ಒತ್ತಿದರೆ ಅದು ಲಾಗ್ ಔಟ್ ಅಲ್ಲ, ಡಿಸ್‌ಕನೆಕ್ಟ್. ಛತ್ರದ ರೂಮಿಗೆ ಬೀಗ ಹಾಕಿ ಕೀ ಜೇಬಿನಲ್ಲಿಟ್ಟುಕೊಂಡು ಪೇಟೆಗೆ ಹೋದ ಹಾಗೆ. ಬೆಂಗಳೂರಿನಲ್ಲಿ ಇದು ಬೇಕೇ ಬೇಕು. ನಾಲ್ಕು ಗಂಟೆಗೆ ಡಿಸ್‌ಕನೆಕ್ಟ್ ಮಾಡಿ, ಸಿಲ್ಕ್ ಬೋರ್ಡಿನಲ್ಲಿ ಜನ ಜಮಾಯಿಸುವ ಮೊದಲು ದಾಟಿಕೊಂಡು, ಮನೆಯಲ್ಲಿ ಕಾಫಿ ಕುಡಿದು ಅದೇ ಡೆಸ್ಕ್‌ಟಾಪಿಗೆ ಮತ್ತೆ ಸೇರಿಕೊಳ್ಳುವವರು ನಮ್ಮಲ್ಲಿ ಅರ್ಧಕ್ಕರ್ಧ ಜನ. ಕನೆಕ್ಷನ್ ಹೋಯಿತು ಅಂತ ಸೆಷನ್ ಕೊಂದರೆ ಅವರು ನನ್ನನ್ನು ಕೊಲ್ಲುತ್ತಾರೆ.

ಈಗ ನನ್ನ ಕಥೆ. ಆ ಸೋಮವಾರದ ನಂತರ ಹುಮ್ಮಸ್ಸಿನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್ ರಾತ್ರಿ ಎರಡಕ್ಕೆ ಅದನ್ನು ಓಡಿಸಬೇಕು. ಈಗ ಯಾರು ಲಾಗಿನ್ ಆಗಿದ್ದಾರೆ ಅಂತ 'ಹೂ' ಕಮಾಂಡ್ ತೋರಿಸುವ ಪಟ್ಟಿಯಲ್ಲಿ ಇಲ್ಲದ ಯೂಸರ್‌ಗಳ, ತಂದೆಯ ನಂಬರ್ 1 ಇರುವ ಪ್ರೊಸೆಸ್‌ಗಳನ್ನೆಲ್ಲ ಕಿತ್ತುಹಾಕಬೇಕು. ಹದಿನೈದು ಸಾಲಿನ ಸ್ಕ್ರಿಪ್ಟು, ನೋಡುವುದಕ್ಕೂ ಚೆನ್ನಾಗಿತ್ತು. ಮಾರನೆಯ ಬೆಳಿಗ್ಗೆ ಗೊತ್ತಾಯಿತು, ನಮ್ಮ ಸರ್ವರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನಿಂದ ಬಂದವರು ಆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ ಅಂತ. ಇದ್ದವರನ್ನೂ ಇಲ್ಲ ಅಂದುಕೊಂಡು ಗುಡಿಸಿದ್ದೆ. ಅದರ ಮೇಲೆ ಒಬ್ಬರು ಶುಕ್ರವಾರದಿಂದ, ಲಾಗ್ ಔಟ್ ಆದರೂ ಓಡಲಿ ಅಂತ ನೋಹಪ್ ಹಾಕಿ ಬಿಟ್ಟಿದ್ದ ರಿಗ್ರೆಷನ್ ಪರೀಕ್ಷೆ ಕೂಡ ಹೋಗಿತ್ತು. ಅವರು ಬೈಯಲಿಲ್ಲ. ನನ್ನ ಡೆಸ್ಕಿನ ಹತ್ತಿರ ಬಂದು, "ಇನ್ನು ಎಂಟು ಗಂಟೆ ಬಾಕಿ ಇತ್ತು" ಅಂತ ಹೇಳಿ ಹೋದರು. ಬೈದಿದ್ದರೇ ವಾಸಿಯಿತ್ತು.

ತಂದೆಯ ನಂಬರ್ 1 ಅನ್ನುವುದು ಅಪರಾಧಕ್ಕೆ ಸಾಕ್ಷಿಯಲ್ಲ. ಬೇಕೆಂದೇ ಬಿಟ್ಟು ಹೋದದ್ದೂ, ಮರೆತು ಬಿಟ್ಟದ್ದೂ, ಸಿಸ್ಟಮ್ಮಿನ ಮರ್ಯಾದಸ್ಥ ಡೀಮನ್ನೂ ಹಾಗೇ ಕಾಣುತ್ತವೆ. ಸೆಷನ್ ಮುಗಿದ ಮೇಲೆ 'ಇದು ಯಾರದು' ಅಂತ ಮುಖ ನೋಡಿ ಹುಡುಕುವುದರಲ್ಲೇ ನಾನು ಎಡವಿದ್ದು. ಛತ್ರದ ಬಾಗಿಲಲ್ಲೇ, ಒಳಗೆ ಬರುವಾಗಲೇ, 'ಇವರು ಈ ಮದುವೆಯವರು' ಅಂತ ಬರೆದಿಟ್ಟುಕೊಂಡಿದ್ದರೆ?

ಆ ರಿಜಿಸ್ಟರ್ ಕರ್ನಲ್ಲಿನಲ್ಲಿ ಇದೆ, ಸಿಗ್ರೂಪ್ ಅಂತ ಹೆಸರು. ನಮಗೆ ಬೇಕಾದ ಅದರ ಗುಣ ಒಂದೇ ಒಂದು. ತಂದೆ ಯಾವ ಗುಂಪಿನಲ್ಲಿದ್ದಾನೋ ಮಗು ಆ ಗುಂಪಿನಲ್ಲೇ ಹುಟ್ಟುತ್ತದೆ, ತಂದೆ ಸತ್ತರೂ ಗುಂಪು ಬದಲಾಗುವುದಿಲ್ಲ. ಇದನ್ನು ವೇದಿಕೆಯ ಮೇಲೇ ಮಾಡಿ ತೋರಿಸಿದೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿಗೆ ರಿಮೋಟ್ ಆಗಿ ಲಾಗಿನ್ ಆದೆ. ಟರ್ಮಿನಲ್ ತೆಗೆದು 'ಸೆಟ್‌ಸಿಡ್ ಸ್ಲೀಪ್ 5000' ಅಂತ ಹಿನ್ನೆಲೆಯಲ್ಲಿ ಬಿಟ್ಟೆ, ಅಂದರೆ ಟರ್ಮಿನಲ್ಲಿನಿಂದ ಬಿಡಿಸಿಕೊಂಡು 5000 ಸೆಕೆಂಡ್ ಸುಮ್ಮನೆ ಮಲಗುವ ಪ್ರೊಸೆಸ್. ಆ ಸ್ಲೀಪ್ ಹುಟ್ಟುತ್ತಲೇ ತಬ್ಬಲಿ, ತಂದೆಯ ಕಾಲಮಿನಲ್ಲಿ ಆಗಲೇ 1 ಬಂದಿತ್ತು. ಲಾಗ್ ಔಟ್ ಮಾಡಿ ಇನ್ನೊಂದು ಕಡೆಯಿಂದ ನೋಡಿದರೆ ಸ್ಲೀಪ್ ಇನ್ನೂ ಇದೆ. ಪ್ರೊಸೆಸ್‌ಗಳ ವಿವರ ಸಿಗುವ ಪ್ರಾಕ್ ಡೈರೆಕ್ಟರಿಯಲ್ಲಿ ಅದರ ನಂಬರಿನ ಫೋಲ್ಡರಿಗೆ ಹೋಗಿ 'ಸಿಗ್ರೂಪ್' ಅನ್ನುವ ಫೈಲ್ ಓದಿದೆ. ಒಂದೇ ಸಾಲು. ಯೂಸರ್ ಸ್ಲೈಸ್, ಅದರೊಳಗೆ 1000ನೇ ಯೂಸರಿನ ಸ್ಲೈಸ್, ಅದರೊಳಗೆ ಸೆಷನ್-7 ಸ್ಕೋಪ್, ಅಂದರೆ ಗುಂಪಿನೊಳಗೆ ಗುಂಪು. ವಂಶಾವಳಿ ಹರಿದಿದ್ದರೂ ರಿಜಿಸ್ಟರಿನಲ್ಲಿ ಹೆಸರು ಉಳಿದಿದೆ. ಲಾಗಿನ್‌ಡಿಯ ಲೆಕ್ಕ ತೋರಿಸುವ 'ಲಾಗಿನ್‌ಸಿಟಿಎಲ್' ಕಮಾಂಡನ್ನು ಕೇಳಿದರೆ 7ನೇ ಸೆಷನ್ನಿನ ಸ್ಥಿತಿ 'ಕ್ಲೋಸಿಂಗ್' ಅನ್ನುತ್ತದೆ. ಹೆಸರಿಗೆ ಮುಗಿದಿದೆ, ಒಳಗೆ ಇನ್ನೂ ಯಾರೋ ಇದ್ದಾರೆ ಅಂತ ಅರ್ಥ. ಆ ಸೆಷನ್ನಿಗೆ 'ಟರ್ಮಿನೇಟ್-ಸೆಷನ್' ಕೊಟ್ಟೆ, ಸ್ಲೀಪ್ ಹೋಯಿತು. ಅದೇ ಯೂಸರ್ ಎಸ್ಎಸ್ಎಚ್ ಮೂಲಕ ಬೇರೆಯಾಗಿ ಲಾಗಿನ್ ಆಗಿ ಓಡಿಸುತ್ತಿದ್ದ ಕೆಲಸಕ್ಕೆ ಏನೂ ಆಗಲಿಲ್ಲ, ಅದು 9ನೇ ಸೆಷನ್ನಿನದು.

ಈ ರಿಜಿಸ್ಟರಿನಲ್ಲಿ ಹೆಸರು ಬರೆಯುವುದು ಲಾಗಿನ್ ಹೊತ್ತಿನಲ್ಲಿ, ಲಾಗಿನ್ ಪರಿಶೀಲಿಸುವ ಪ್ಯಾಮ್ ಮೂಲಕ. ಎಕ್ಸ್‌ಆರ್‌ಡಿಪಿಯಲ್ಲಿ ಸೆಷನ್‌ಗಳನ್ನು ನೋಡಿಕೊಳ್ಳುವ ಸೆಸ್‌ಮ್ಯಾನ್‌ಗೆ ಸೇರಿದ ಪ್ಯಾಮ್ ಫೈಲಿನಲ್ಲಿ, ಅಥವಾ ಅದು ಸೇರಿಸಿಕೊಳ್ಳುವ ಸಾಮಾನ್ಯ ಫೈಲಿನಲ್ಲಿ, ಪ್ಯಾಮ್ ಸಿಸ್ಟಮ್‌ಡಿ ಅನ್ನುವ ಸಾಲು ಇರಬೇಕು. ನಮ್ಮ ಒಂದು ಹಳೆಯ ಸರ್ವರಿನಲ್ಲಿ ಯಾರೋ ಹಿಂದೆ ಆ ಫೈಲ್ ತಿದ್ದಿ ಆ ಸಾಲನ್ನು ಹಾರಿಸಿಬಿಟ್ಟಿದ್ದರು. ಆ 'ಯಾರೋ' ನಾನೇ ಇರಬಹುದು. ಆಗ ಎಲ್ಲರ ಡೆಸ್ಕ್‌ಟಾಪುಗಳೂ ಸೆಸ್‌ಮ್ಯಾನ್ ಸರ್ವಿಸ್ಸಿನದೇ ಗುಂಪಿನಲ್ಲಿ ಬಿದ್ದಿದ್ದವು. ಬೇರೆ ಹೇಳದಿದ್ದರೆ, ಸರ್ವಿಸ್ ನಿಲ್ಲಿಸುವಾಗ ಅದರ ಗುಂಪಿನಲ್ಲಿ ಇರುವುದನ್ನೆಲ್ಲ ನಿಲ್ಲಿಸುವುದು ಸಿಸ್ಟಮ್‌ಡಿಯ ರೂಢಿ. ಒಂದು ರೀಸ್ಟಾರ್ಟ್, ಇಡೀ ಫ್ಲೋರ್ ಎದ್ದು ನಿಂತಿತು. ಆದ್ದರಿಂದ ಶುಚಿ ಮಾಡುವ ಮಾತಿಗೆ ಮೊದಲು ಇದನ್ನು ನೋಡಿ: ನಿಮ್ಮ ರಿಮೋಟ್ ಡೆಸ್ಕ್‌ಟಾಪಿನ ಟರ್ಮಿನಲ್ಲಿನಲ್ಲಿ ಕೂತು ನಿಮ್ಮದೇ ಶೆಲ್ ಯಾವ ಗುಂಪಿನಲ್ಲಿದೆ ಅಂತ ಓದಿ.

ರಿಜಿಸ್ಟರ್ ಸರಿ ಇದ್ದರೆ ಉಳಿದದ್ದು ಲಾಗಿನ್‌ಡಿಯ ಸೆಟ್ಟಿಂಗ್ ಫೈಲಿನ ಒಂದು ಸಾಲು: ಕಿಲ್‌ಯೂಸರ್‌ಪ್ರೊಸೆಸಸ್. 'ಯೆಸ್' ಅಂದರೆ, ಸೆಷನ್ ಮುಗಿದಾಗ ಆ ಸ್ಕೋಪಿನಲ್ಲಿ ಉಳಿದವರಿಗೆಲ್ಲ ಸಿಗ್ನಲ್. 2016ರ ಮೇ ತಿಂಗಳಲ್ಲಿ ಬಂದ ಸಿಸ್ಟಮ್‌ಡಿಯ 230ನೇ ಆವೃತ್ತಿ ಇದನ್ನು ತಾನಾಗಿಯೇ 'ಯೆಸ್' ಮಾಡಿತು, ಭಾರೀ ಜಗಳವೂ ಆಯಿತು. ಟಿಮಕ್ಸ್, ಸ್ಕ್ರೀನ್, ನೋಹಪ್ ಇವನ್ನು ನಂಬಿ ದಶಕಗಳಿಂದ ಕೆಲಸ ಬಿಟ್ಟು ಮನೆಗೆ ಹೋಗುತ್ತಿದ್ದವರ ಕೆಲಸವೆಲ್ಲ ಲಾಗ್ ಔಟ್ ಜೊತೆ ಸಾಯತೊಡಗಿತು. ಲಿನಕ್ಸ್ ಹಂಚುವ ಡೆಬಿಯನ್ ಮೊದಲಾದವರು ತಮ್ಮ ಪ್ಯಾಕೇಜಿನಲ್ಲಿ ಅದನ್ನು ಮತ್ತೆ 'ನೋ' ಮಾಡಿದರು. ಇವತ್ತು ನಿಮ್ಮ ಸರ್ವರಿನಲ್ಲಿ ಹೆಚ್ಚುಕಡಿಮೆ ಅದು 'ನೋ' ಇರುತ್ತದೆ, ತಬ್ಬಲಿಗಳು ಉಳಿಯುವುದು ಅದಕ್ಕೇ. ನನ್ನ ಅಭಿಪ್ರಾಯ ಕೇಳಿದರೆ ಆ ಜಗಳದಲ್ಲಿ ಎರಡೂ ಕಡೆಯವರು ಸರಿ. ಒಬ್ಬರೇ ಬಳಸುವ ಯಂತ್ರಕ್ಕೆ 'ನೋ' ಸರಿ, ಐವತ್ತು ಜನ ಹಂಚಿಕೊಳ್ಳುವ ಡೆಸ್ಕ್‌ಟಾಪ್ ಸರ್ವರಿಗೆ 'ಯೆಸ್' ಸರಿ. ಆದರೆ 'ಯೆಸ್' ಮಾಡುವ ಮುನ್ನ ಬೇಕೆಂದೇ ಕೆಲಸ ಬಿಟ್ಟು ಹೋಗುವವರಿಗೆ ಒಂದು ದಾರಿ ಕೊಡಬೇಕು. ಅವರಿಗೆ, ಲಾಗ್ ಔಟ್ ಆದಮೇಲೂ ಕೆಲಸ ಉಳಿಯಲು ಬಿಡುವ 'ಲಿಂಗರ್' ಹಾಕಿ ಕೊಡಿ, 'ಸಿಸ್ಟಮ್‌ಡಿ-ರನ್' ಕಮಾಂಡಿನಲ್ಲಿ ಯೂಸರ್ ಸ್ಕೋಪ್ ಕೇಳಿ ಟಿಮಕ್ಸ್ ಶುರುಮಾಡುವುದನ್ನು ಹೇಳಿಕೊಡಿ. ಆಗ ಆ ಟಿಮಕ್ಸ್ ಸೆಷನ್ನಿನ ಸ್ಕೋಪಿನಲ್ಲಿ ಇರುವುದೇ ಇಲ್ಲ. ಇರ್ತೀನಿ ಅನ್ನುವ ನೆಂಟರು ಬೇರೆ ರೂಮಿಗೆ ಬೇರೆ ರಸೀದಿ ಬರೆಸಿಕೊಂಡ ಹಾಗೆ.

ಇಲ್ಲಿ ಒಂದು ಕೊಕ್ಕೆ. ಈಗಿನ ಗ್ನೋಮ್‌ನಂಥ ಡೆಸ್ಕ್‌ಟಾಪುಗಳು ತಮ್ಮ ಬಹುಪಾಲು ಕೆಲಸಗಾರರನ್ನು ಸೆಷನ್ನಿನ ಸ್ಕೋಪಿನಲ್ಲಿ ಇಡುವುದಿಲ್ಲ. ಯೂಸರಿಗೆ ಒಂದರಂತೆ ಇರುವ ಸಿಸ್ಟಮ್‌ಡಿ ಯೂಸರ್ ಮ್ಯಾನೇಜರ್ ಕೆಳಗೆ ಇಡುತ್ತವೆ. ಗ್ನೋಮ್ ಟರ್ಮಿನಲ್ಲೂ ಅಲ್ಲೇ. ಆ ಮ್ಯಾನೇಜರ್ ಹೋಗುವುದು ಆ ಯೂಸರಿನ ಕೊನೆಯ ಸೆಷನ್ ಮುಗಿದ ಮೇಲೆ, ಮಾಮೂಲಿಗೆ ಹತ್ತು ಸೆಕೆಂಡ್ ಕಾದು. ಎಲ್ಲೋ ಒಂದು ಎಸ್ಎಸ್ಎಚ್ ತೆರೆದೇ ಇದ್ದರೆ, ಅಥವಾ ಲಿಂಗರ್ ಹಾಕಿದ್ದರೆ, ಅದು ಹೋಗುವುದಿಲ್ಲ, ಅದರ ಕೆಳಗಿನವರೂ ಹೋಗುವುದಿಲ್ಲ. ಲಿಂಗರ್ ಕೇಳಿದವರಿಗೆಲ್ಲ ಹಂಚಬೇಡಿ ಅನ್ನುವುದು ಇದಕ್ಕೇ.

ಹಾಗಾದರೆ ಮೂರು ಮೂರು ಡಿ-ಬಸ್ ಎಲ್ಲಿಂದ ಬಂದವು? ಹಳೆಯ ಸ್ಟಾರ್ಟ್ ಸ್ಕ್ರಿಪ್ಟುಗಳು 'ಡಿಬಸ್-ಲಾಂಚ್' ಬಳಸುತ್ತವೆ. ಅದು ಬಸ್ಸನ್ನು ಹೊರಡಿಸಿ ತಾನು ಕೆಳಗಿಳಿದುಬಿಡುತ್ತದೆ. ಡ್ರೈವರ್ ಇಲ್ಲ, ಡಿಪೋ ಇಲ್ಲ, ಓಡುತ್ತಲೇ ಇರುತ್ತದೆ. ಪ್ರತಿ ಲಾಗಿನ್ನಿಗೆ ಹೊಸದೊಂದು. ನಾವು ಡೆಸ್ಕ್‌ಟಾಪ್ ಶುರುಮಾಡುವ 'ಸ್ಟಾರ್ಟ್‌ಡಬ್ಲ್ಯುಎಂ' ಸ್ಕ್ರಿಪ್ಟಿನಲ್ಲಿ ಅದನ್ನು ತೆಗೆದು 'ಡಿಬಸ್-ರನ್-ಸೆಷನ್' ಒಳಗೆ ಡೆಸ್ಕ್‌ಟಾಪನ್ನು ಓಡಿಸಿದೆವು. ಡೆಸ್ಕ್‌ಟಾಪ್ ಮುಗಿದರೆ ಅದೇ ಬಸ್ಸನ್ನೂ ನಿಲ್ಲಿಸುತ್ತದೆ, ಬಸ್ ನಿಂತರೆ ಅದರಲ್ಲಿದ್ದವರಲ್ಲಿ ಹೆಚ್ಚಿನವರು ತಾವೇ ಇಳಿದು ಹೋಗುತ್ತಾರೆ. ಎಕ್ಸ್‌ಎಫ್‌ಸಿಇಗೆ ಇದು ಒಗ್ಗಿತು. ಯೂಸರ್ ಮ್ಯಾನೇಜರಿನ ಬಸ್ಸನ್ನೇ ನಂಬಿರುವ ಗ್ನೋಮ್‌ಗೆ ಇದನ್ನು ಮಾಡಲು ಹೋಗಬೇಡಿ, ಎರಡು ಬಸ್ಸಾಗಿ ಇನ್ನಷ್ಟು ತಲೆನೋವು.

ಕೊಲ್ಲುವ ಕ್ರಮದ ಬಗ್ಗೆ ಚುಟುಕಾಗಿ. ನೇರ 9ನೇ ಸಿಗ್ನಲ್ ಕೊಡಬೇಡಿ. 15 ಕೊಡಿ, ಸ್ವಲ್ಪ ಕಾಯಿರಿ, ಆಮೇಲೂ ಏಳದಿದ್ದರೆ 9. ಸಿಮ್ಯುಲೇಟರ್ ವೇವ್‌ಫಾರ್ಮ್ ಫೈಲ್ ಬರೆಯುತ್ತಿರುತ್ತದೆ, ಬ್ರೌಸರ್ ತನ್ನ ಬೀಗದ ಫೈಲ್ ಅಳಿಸಬೇಕಾಗಿರುತ್ತದೆ. 15ಕ್ಕೆ ಅವು ಮನೆ ಒಪ್ಪ ಮಾಡಿ ಹೊರಡುತ್ತವೆ. 9ಕ್ಕೆ ಆ ಪುರುಸೊತ್ತು ಇರುವುದಿಲ್ಲ. ಸ್ಥಿತಿಯ ಕಾಲಮಿನಲ್ಲಿ 'ಡಿ' ಇದ್ದರೆ, ಅಂದರೆ ಯಾವುದೋ ಉತ್ತರಕ್ಕೆ ಕಾದು ಸಿಕ್ಕಿಕೊಂಡಿದ್ದರೆ, 9 ಕೊಟ್ಟರೂ ಅಲ್ಲಾಡದಿರಬಹುದು, ಆಗ ಬೈಯಬೇಕಾದದ್ದು ಡಿಸ್ಕನ್ನೋ ನೆಟ್‌ವರ್ಕ್ ಸ್ಟೋರೇಜನ್ನೋ. ಒಂದು ಗುಂಪನ್ನು ಒಂದೇ ಏಟಿಗೆ ಮುಗಿಸಲೇಬೇಕಾದರೆ 2021ರ 5.14 ಕರ್ನಲ್ಲಿನಿಂದ 'ಸಿಗ್ರೂಪ್ ಕಿಲ್' ಅನ್ನುವ ಫೈಲ್ ಇದೆ, ಅದಕ್ಕೆ 1 ಬರೆದರೆ ಸಾಕು. ನೀವು ಪಟ್ಟಿ ಓದುವಷ್ಟರಲ್ಲಿ ಹೊಸದೊಂದು ಹುಟ್ಟಿಕೊಂಡು ತಪ್ಪಿಸಿಕೊಳ್ಳುವ ಪ್ರಶ್ನೆ ಅಲ್ಲಿಲ್ಲ.

ಡಿಸ್‌ಕನೆಕ್ಟ್ ಮಾಡಿ ಮರೆತವರ ಪಾಲಿಗೆ ಎಕ್ಸ್‌ಆರ್‌ಡಿಪಿಯ ಸೆಸ್‌ಮ್ಯಾನ್ ಫೈಲಿನಲ್ಲಿ ಎರಡು ಸಾಲು ಇವೆ: 'ಕಿಲ್‌ಡಿಸ್‌ಕನೆಕ್ಟೆಡ್' ಮತ್ತು 'ಡಿಸ್‌ಕನೆಕ್ಟೆಡ್‌ಟೈಮ್‌ಲಿಮಿಟ್'. ಎರಡನೆಯದು ಸೆಕೆಂಡಿನಲ್ಲಿ. ನಾವು ಮೊದಲು ಒಂದು ದಿನ ಇಟ್ಟು ನೋಡಿದೆವು, ಶನಿವಾರ ಭಾನುವಾರ ಕಳೆದು ಬಂದವರೆಲ್ಲ ಜಗಳಕ್ಕೆ ಬಂದರು. ಈಗ 432000 ಇದೆ, ಅಂದರೆ ಐದು ದಿನ. ಗುರುವಾರ ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಊರಿನಲ್ಲಿ ಹಬ್ಬ ಮುಗಿಸಿ ಮಂಗಳವಾರ ಬೆಳಿಗ್ಗೆ ವಾಪಸ್ ಬಂದವರಿಗೆ ಡೆಸ್ಕ್‌ಟಾಪ್ ಹಾಗೇ ಸಿಗಬೇಕು ಅನ್ನುವ ಲೆಕ್ಕ. ಇದಕ್ಕಿಂತ ವೈಜ್ಞಾನಿಕ ಕಾರಣ ನನ್ನ ಹತ್ತಿರ ಇಲ್ಲ. ರಾತ್ರಿಯ ಆ ಸ್ಕ್ರಿಪ್ಟ್ ಈಗಲೂ ಇದೆ, ಆದರೆ ಕೊಲ್ಲುವುದಿಲ್ಲ. 'ಕ್ಲೋಸಿಂಗ್' ಸ್ಥಿತಿಯಲ್ಲಿ ಸಿಕ್ಕಿಕೊಂಡ ಸೆಷನ್‌ಗಳ ಪಟ್ಟಿಯನ್ನು ನನಗೊಂದು ಮೇಲ್ ಮಾಡುತ್ತದೆ.

ಪ್ರಶ್ನೆಗಳಲ್ಲಿ ಎರಡನ್ನು ಹೇಳುತ್ತೇನೆ. ಒಬ್ಬ ಹುಡುಗ, "ಅಣ್ಣಾ, ಒಬ್ಬೊಬ್ಬರಿಗೆ ಒಂದೊಂದು ಕಂಟೇನರ್ ಕೊಟ್ಟರೆ ಇದೆಲ್ಲ ಬೇಕಾ?" ಅಂದ. ಕಂಟೇನರ್ ಅಂದರೆ ಒಂದೇ ಯಂತ್ರದೊಳಗೆ ಬೇರೆ ಮಾಡಿಟ್ಟ ಕೋಣೆ, ಅದೂ ಸರಿಯಾದ ದಾರಿಯೇ. ಕಂಟೇನರಿಗೆ ಅದರದೇ ಪ್ರೊಸೆಸ್ ನಂಬರಿನ ಲೋಕ ಇದ್ದರೆ, ಆ ಲೋಕದ 1ನೇ ನಂಬರಿನ ಪ್ರೊಸೆಸ್ ಸತ್ತೊಡನೆ ಒಳಗಿರುವ ಎಲ್ಲರಿಗೂ ಕರ್ನಲ್ಲೇ 9ನೇ ಸಿಗ್ನಲ್ ಕೊಡುತ್ತದೆ. ಗುಡಿಸುವ ಮಾತೇ ಇಲ್ಲ, ಛತ್ರವನ್ನೇ ಕೆಡವಿದ ಹಾಗೆ. ಉಳಿಸಿಕೊಳ್ಳಬೇಕಾದ ಕೆಲಸ ಹೊರಗೆ ಇರಬೇಕು ಅಷ್ಟೆ.

ಇನ್ನೊಬ್ಬರು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಮೇಡಂ. "ನಮ್ಮಲ್ಲಿ ಅರವತ್ತು ಮಕ್ಕಳೂ 'ಸ್ಟೂಡೆಂಟ್' ಅನ್ನೋ ಒಂದೇ ಅಕೌಂಟಿನಲ್ಲಿ ಬರ್ತಾರೆ ಸರ್. ಒಬ್ಬ ಹೋದಮೇಲೆ ಅವನದ್ದು ಮಾತ್ರ ತೆಗೆಯೋದು ಹೇಗೆ?" 'ಟರ್ಮಿನೇಟ್-ಯೂಸರ್' ಮಾತ್ರ ಮುಟ್ಟಬೇಡಿ ಮೇಡಂ, ಅರವತ್ತೂ ಒಟ್ಟಿಗೆ ಹೋಗುತ್ತವೆ ಅಂದೆ. ಸ್ಕೋಪಿನಲ್ಲಿ ಇರುವುದನ್ನು 'ಟರ್ಮಿನೇಟ್-ಸೆಷನ್' ತೆಗೆಯುತ್ತದೆ. ಯೂಸರ್ ಮ್ಯಾನೇಜರ್ ಕೆಳಗೆ ಸೇರಿದ್ದು ಅರವತ್ತು ಜನಕ್ಕೂ ಸೇರಿ ಒಂದೇ, ಅಲ್ಲಿ ಯಾವುದು ಯಾರದು ಅಂತ ಬೇರ್ಪಡಿಸಲಾಗದು. ಕೊನೆಯ ಹುಡುಗ ಎದ್ದು ಹೋಗುವವರೆಗೆ ಅದು ನಿಲ್ಲುವುದೂ ಇಲ್ಲ. ರೋಲ್ ನಂಬರಿಗೊಂದು ಅಕೌಂಟ್ ಮಾಡಿಕೊಡಿ ಅಂದದ್ದಕ್ಕೆ ಮೇಡಂ ನಕ್ಕು, "ಹೋಂ ಡೈರೆಕ್ಟರಿಗೆ ಡಿಸ್ಕ್ ಕೊಡ್ಸಿ ಅಂತ ಪ್ರಿನ್ಸಿಪಾಲರಿಗೆ ನೀವೇ ಒಂದು ಲೆಟರ್ ಬರೆದುಕೊಡಿ" ಅಂದರು. ಬರೆದುಕೊಟ್ಟಿದ್ದೇನೆ.